ಕಡಲಾಚೆಯ ಶಾಲೆಗೆ ಹದಿಹರೆಯದ ಮಕ್ಕಳು

2016ರ ಜುಲೈ ತಿಂಗಳು. ಮೈಸೂರಿನಲ್ಲಿ ಮಗನ ಶಾಲೆಗೆ ಟಿ.ಸಿ. ಕೇಳಲು ಹೋಗಿದ್ದೆ. ಅವನು ಹತ್ತನೇ ತರಗತಿಗೆ ಕಾಲಿಟ್ಟು ಒಂದು ತಿಂಗಳಾಗಿತ್ತಷ್ಟೆ. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋಗಬಾರದೇನಮ್ಮ?' ಎಂದರು. ನಾನು ನಕ್ಕು ಸುಮ್ಮನಾದೆ. ಯಜಮಾನರು ಕೆಲಸದ ಮೇಲೆ ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋಗಿ ಆಗಲೇ ಒಂದು ವರ್ಷವಾಗಿತ್ತು. ನಮ್ಮ ಮೂವರ ಟಿಕೆಟ್ಟೂ ಬಂದಿತ್ತು. ಅಕ್ಕಪಕ್ಕದವರೆಲ್ಲ 'ಪುಣ್ಯ ಮಾಡಿದ ಮಕ್ಕಳು' ಎನ್ನುತ್ತಿದ್ದಾಗ ಆ ಮಾತಿನ ಅರ್ಥ ಯೋಚಿಸುವ ವ್ಯವಧಾನ ನನಗೆಲ್ಲಿತ್ತು?

ಆಗ ಮಗನಿಗೆ ಹದಿನೈದು, ಮಗಳಿಗೆ ಹದಿಮೂರು. ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವುದು ಒಂದು ರೀತಿ, ಮೀಸೆ ಮೂಡುವ ವಯಸ್ಸಿನವರನ್ನು ಕರೆದೊಯ್ಯುವುದೇ ಇನ್ನೊಂದು ರೀತಿ. ಇದು ನಮಗೆ ತಿಳಿದದ್ದು ಹೋದ ಮೇಲೆ. ಈಗ ಹೊರಡಲು ಸಿದ್ಧವಾಗುತ್ತಿರುವ ತಂದೆತಾಯಿಗಳಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು.

ಮನೆಯ ವಿಳಾಸವೇ ಶಾಲೆಯ ಬಾಗಿಲು

ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಡೊನೇಷನ್ ಇಲ್ಲ. ಆದರೆ ಯಾವ ಶಾಲೆ ಎಂಬುದನ್ನು ಸಾಮಾನ್ಯವಾಗಿ ನಿಮ್ಮ ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಆದ್ದರಿಂದ ಶಾಲೆ ನೋಡಿ ಮನೆ ಹಿಡಿಯಬೇಕೇ ಹೊರತು ಮನೆ ಹಿಡಿದು ಶಾಲೆ ಹುಡುಕುವುದಲ್ಲ. ಸೇರಿಸುವಾಗ ಬಾಡಿಗೆ ಕರಾರು, ಜನನ ಪ್ರಮಾಣಪತ್ರ, ಹಿಂದಿನ ಅಂಕಪಟ್ಟಿಗಳು, ಲಸಿಕೆ ಹಾಕಿಸಿದ ದಾಖಲೆ ಇವೆಲ್ಲ ಬೇಕು. ನಮ್ಮ ಮಕ್ಕಳಿಗೆ ಬಾಲ್ಯದಲ್ಲಿ ಬಿಸಿಜಿ ಹಾಕಿಸಿರುತ್ತೇವೆ. ಅದರಿಂದಾಗಿ ಕ್ಷಯದ ಚರ್ಮ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಇದೆ ಎಂಬಂತೆ ಫಲಿತಾಂಶ ಬರುವುದುಂಟು. ಗಾಬರಿಯಾಗಬೇಡಿ. ಬಿಸಿಜಿ ಆಗಿದೆಯೆಂದು ಹೇಳಿದರೆ ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಒಂದು ನಮೂನೆಯಲ್ಲಿ ಕೇಳುತ್ತಾರೆ. ಕನ್ನಡ ಎಂದು ಬರೆದೆ. ಮಕ್ಕಳಿಬ್ಬರಿಗೂ ಇಂಗ್ಲಿಷ್ ಪರೀಕ್ಷೆ ಕೊಟ್ಟರು. ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಮಗನಿಗೆ ಇದು ದೊಡ್ಡ ಅವಮಾನವೆನಿಸಿತು. ಅದು ಅವಮಾನವಲ್ಲ, ಬಾರದವರಿಗೆ ನೆರವು ಕೊಡಲು ಮಾಡಿಕೊಂಡ ಏರ್ಪಾಡು ಎಂದು ಅವನಿಗೆ ಮೊದಲೇ ಹೇಳಬೇಕಿತ್ತು.

ಒಂದು ಪರೀಕ್ಷೆಯಲ್ಲ, ನಾಲ್ಕು ವರ್ಷ

ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿ.ಯು.ಸಿ. ಎಂಬ ಎರಡು ಹೊಸಿಲುಗಳಿವೆ. ಕೊನೆಯ ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ದಾಟಿದವರೂ ಇದ್ದಾರೆ. ಅಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿ. ಆ ನಾಲ್ಕೂ ವರ್ಷ ಹೋಂವರ್ಕ್, ಕಿರುಪರೀಕ್ಷೆ, ಪ್ರಾಜೆಕ್ಟ್ ಎಲ್ಲವೂ ಅಂಕವಾಗಿ ಕೂಡುತ್ತಾ ಹೋಗುತ್ತವೆ. ಕಾಲೇಜಿನವರು ನೋಡುವುದು ಆ ಪೂರ್ತಿ ಪಟ್ಟಿಯನ್ನು.

ಪ್ರತಿ ವಿಷಯಕ್ಕೂ 'ಕ್ರೆಡಿಟ್' ಎಂಬ ಲೆಕ್ಕವಿದೆ. ಒಹಾಯೊದಲ್ಲಿ ಡಿಪ್ಲೊಮಾ ಪಡೆಯಲು ಕನಿಷ್ಠ 20 ಕ್ರೆಡಿಟ್ ಬೇಕು. ಅವುಗಳಲ್ಲಿ ಇಂಗ್ಲಿಷಿಗೆ 4, ಗಣಿತಕ್ಕೆ 4, ವಿಜ್ಞಾನಕ್ಕೆ 3, ಸಮಾಜ ವಿಜ್ಞಾನಕ್ಕೆ 3. ಅಮೆರಿಕದ ಇತಿಹಾಸ, ಸರ್ಕಾರದ ರಚನೆ ಕಲಿಯದೆ ಗತಿಯಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಈ ಲೆಕ್ಕ ಬೇರೆಯಾಗುತ್ತದೆ. ತಡವಾಗಿ ಬಂದ ಮಗುವಿಗೆ ಇದನ್ನೆಲ್ಲ ತುಂಬಿಕೊಳ್ಳಲು ಅಷ್ಟೇ ಕಡಿಮೆ ಸಮಯ. ಮಗನನ್ನು ಹತ್ತಕ್ಕೇ ಸೇರಿಸಿಕೊಂಡರು. ಹೀಗಾಗಿ ಮೂರು ವರ್ಷ ಸಿಕ್ಕಿತು.

ಗಣಿತದಲ್ಲಿ ಇನ್ನೊಂದು ಪೇಚು. ಅಲ್ಲಿ ಹೆಚ್ಚಿನ ಶಾಲೆಗಳಲ್ಲಿ ಒಂದು ವರ್ಷ ಬೀಜಗಣಿತ, ಒಂದು ವರ್ಷ ರೇಖಾಗಣಿತ, ಮತ್ತೊಂದು ವರ್ಷ ಮುಂದಿನ ಬೀಜಗಣಿತ. ನಮ್ಮ ಅಂಕಪಟ್ಟಿಯಲ್ಲಿದ್ದದ್ದು ಬರೀ 'ಗಣಿತ 96'. ಏನು ಕಲಿತಿದ್ದಾನೆಂದು ಅವರಿಗೆ ತಿಳಿಯಲಿಲ್ಲ. ಗೊತ್ತಿದ್ದ ಪಾಠವನ್ನೇ ಮತ್ತೆ ಕೇಳುತ್ತಾ ಮಗ ತಿಂಗಳುಗಟ್ಟಲೆ ಕುಳಿತ. ನಾವು ಕೇಳಿಕೊಂಡ ಮೇಲೆ ಪರೀಕ್ಷೆ ಮಾಡಿ ಮೇಲಿನ ತರಗತಿಗೆ ಹಾಕಿದರು. ಹೊರಡುವಾಗ ಅಂಕಪಟ್ಟಿಯ ಜೊತೆಗೆ ಪಠ್ಯಪುಸ್ತಕಗಳ ಪರಿವಿಡಿಯ ಪ್ರತಿಯನ್ನೂ ಇಟ್ಟುಕೊಳ್ಳಿ. ತೂಕವೇನೂ ಇಲ್ಲ.

ಬಾಯಿಪಾಠಕ್ಕೆ ಸೊನ್ನೆ

ಅಕ್ಟೋಬರಿನಲ್ಲಿ ಒಂದು ಸಂಜೆ ಯಜಮಾನರಿಗೆ ಶಾಲೆಯಿಂದ ಇ-ಮೇಲ್ ಬಂತು. ಇತಿಹಾಸದ ಪ್ರಬಂಧದಲ್ಲಿ ಮಗ ಪುಸ್ತಕದ ವಾಕ್ಯಗಳನ್ನು ಹಾಗೆಹಾಗೆಯೇ ಬರೆದಿದ್ದಾನೆ, ಇದು ಅಪ್ರಾಮಾಣಿಕತೆ, ಅಂಕ ಸೊನ್ನೆ. ಯಜಮಾನರು ಕೆಂಡವಾದರು. 'ಕದ್ದು ಬರೆದೆಯೇನೋ?' ಎಂದು ಗದರಿದರು. ಮಗ ಅಳು ತಡೆದುಕೊಂಡು ಹೇಳಿದ: 'ನೋಡಿ ಬರೆದಿಲ್ಲಪ್ಪಾ, ಬಾಯಿಪಾಠ ಮಾಡಿ ಬರೆದೆ.'

ಇದಕ್ಕೇನು ಹೇಳೋಣ? ಮೈಸೂರಿನಲ್ಲಿ ಇದೇ ಉತ್ತರಕ್ಕೆ ಪೂರ್ತಿ ಅಂಕ ಬರುತ್ತಿತ್ತು. ಪುಸ್ತಕದಲ್ಲಿದ್ದಂತೆ ಒಂದಕ್ಷರ ತಪ್ಪದೆ ಬರೆ ಎಂದು ಅವನನ್ನು ಕೂರಿಸಿ ಒಪ್ಪಿಸಿಕೊಂಡವಳು ನಾನೇ. ಮರುದಿನ ಇಬ್ಬರೂ ಹೋಗಿ ಶಿಕ್ಷಕಿಯನ್ನು ಕಂಡೆವು. ನಮ್ಮಲ್ಲಿ ಕಲಿಸುವ ಕ್ರಮವನ್ನು ಹೇಳಿದೆವು. ಆಕೆ ತಾಳ್ಮೆಯಿಂದ ಕೇಳಿ, ಮತ್ತೊಮ್ಮೆ ಬರೆಯಲು ಅವಕಾಶ ಕೊಟ್ಟರು. ಬೇರೆಯವರ ಮಾತನ್ನು ಬಳಸಿದರೆ ಎಲ್ಲಿಂದ ತಂದದ್ದೆಂದು ಹೇಳಬೇಕು, ಉಳಿದದ್ದು ನಿನ್ನ ಮಾತಾಗಿರಬೇಕು ಎಂಬುದಷ್ಟೇ ಅವರ ನಿಯಮ.

ಎರಡನೇ ಸಲ ಅವನಿಗೆ ಬಂದದ್ದು 'ಸಿ'. ಮೊದಲ ರ‍್ಯಾಂಕಿನ ಹುಡುಗ ಮೂರು ರಾತ್ರಿ ಕುಳಿತು ಬರೆದು ಪಡೆದ 'ಸಿ'. ವಾರಕ್ಕೊಮ್ಮೆ ಮೈಸೂರಿನಿಂದ ಮಾವನವರು ಫೋನಿನಲ್ಲಿ 'ಎಷ್ಟನೇ ರ‍್ಯಾಂಕು ಮರೀ?' ಎಂದು ಕೇಳುತ್ತಿದ್ದರು. ಆ ವಾರದಿಂದ ಅವನು ಫೋನಿಗೆ ಬರುವುದನ್ನೇ ಬಿಟ್ಟ. ಕೊನೆಗೆ ಯಜಮಾನರೇ, 'ಇಲ್ಲಿ ರ‍್ಯಾಂಕು ಕೂಗುವುದಿಲ್ಲ ಅಪ್ಪಾ, ಹೊಸದಾಗಿ ಕಲಿಯುತ್ತಿದ್ದಾನೆ' ಎಂದು ಹೇಳಿದರು. ಮಗನಿಗೆ ಆ ಮಾತು ಕೇಳಿಸಿತ್ತು. ಮುಂದಿನ ಭಾನುವಾರ ತಾನಾಗಿಯೇ ಬಂದು ತಾತನೊಡನೆ ಮಾತಾಡಿದ.

ಊಟದ ಹೊತ್ತು

ಮಗಳದು ಬೇರೆಯೇ ಕತೆ. ಅಂಕಗಳು ಚೆನ್ನಾಗಿದ್ದವು, ದೂರು ಇರಲಿಲ್ಲ. ಊಟದ ವಿರಾಮದಲ್ಲೂ ಲೈಬ್ರರಿಯಲ್ಲಿ ಓದುತ್ತೇನೆ ಎನ್ನುತ್ತಿದ್ದಳು. ಎಷ್ಟು ಶ್ರದ್ಧೆ ಎಂದು ನಾನು ಹಿಗ್ಗಿದೆ. ಒಂದು ದಿನ ಲೈಬ್ರರಿಯನ್ ಚೀಟಿ ಬರೆದು ಕಳುಹಿಸಿದರು: 'ನಿಮ್ಮ ಮಗಳು ದಿನವೂ ಊಟದ ಹೊತ್ತಿನಲ್ಲಿ ಇಲ್ಲೇ ಇರುತ್ತಾಳೆ. ಊಟ ಯಾವಾಗ ಮಾಡುತ್ತಾಳೆ?'

ನಮ್ಮಲ್ಲಿ ಒಂದು ತರಗತಿ ಎಂದರೆ ವರ್ಷವಿಡೀ ಅದೇ ಕೋಣೆ, ಅದೇ ಬೆಂಚು, ಅದೇ ಗೆಳತಿ. ಅಲ್ಲಿ ಗಂಟೆ ಹೊಡೆದಾಗ ಮಕ್ಕಳೇ ಕೋಣೆಯಿಂದ ಕೋಣೆಗೆ ನಡೆಯುತ್ತಾರೆ, ಪ್ರತಿ ಪಾಠಕ್ಕೂ ಬೇರೆ ಗುಂಪು. ಊಟದ ಹಾಲಿನಲ್ಲಿ ಯಾರ ಪಕ್ಕ ಕೂರುವುದೆಂದು ತಿಳಿಯದೆ ಮಗು ಎರಡು ತಿಂಗಳು ಮಧ್ಯಾಹ್ನ ಉಪವಾಸವಿತ್ತು. ಡಬ್ಬಿಯನ್ನು ಸಂಜೆ ಬಸ್ಸಿನಲ್ಲಿ ಖಾಲಿ ಮಾಡುತ್ತಿದ್ದಳು.

ಶಾಲೆಯಲ್ಲಿ ಕೌನ್ಸೆಲರ್ ಇರುತ್ತಾರೆ. ನಮ್ಮವರು ಅವರ ಬಳಿ ಹೋಗಲು ಅಂಜುತ್ತಾರೆ. ನಾವು ಹೋದೆವು. ಅವರು ಮಗಳನ್ನು ವಾದ್ಯವೃಂದಕ್ಕೆ ಸೇರಿಸಿದರು. ಅವಳು ಮೈಸೂರಿನಲ್ಲಿ ಪಿಟೀಲು ಕಲಿತಿದ್ದಳು. ಹಿಡಿಯುವ ರೀತಿ ಬೇರೆ, ಆದರೂ ಕೈ ತಿಳಿದಿತ್ತು. ಡಿಸೆಂಬರ್ ಹೊತ್ತಿಗೆ ಊಟಕ್ಕೆ ಜೊತೆಯಾಗಲು ಇಬ್ಬರು ಸಿಕ್ಕಿದ್ದರು. ಭಾನುವಾರ ಕನ್ನಡ ಕೂಟದ ತರಗತಿಗೂ ಹೋಗತೊಡಗಿದಳು, ಚಿಕ್ಕವರಿಗೆ ಅಆಇಈ ತಿದ್ದಿಸಲು.

ಮರೆಯಬಾರದ ಎರಡು ಲೆಕ್ಕ

ಒಂದು: ತಂದೆ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿದ್ದರೆ ಮಕ್ಕಳದು ಎಚ್-4. ಅದು 21 ವರ್ಷ ತುಂಬುವವರೆಗೆ ಮಾತ್ರ. ಆ ವೀಸಾದಲ್ಲಿ ಮಕ್ಕಳು ಸಂಬಳಕ್ಕೆ ದುಡಿಯುವಂತಿಲ್ಲ, ಕಾಲೇಜಿಗೆ ಅಲ್ಲಿನ ಕೇಂದ್ರ ಸರ್ಕಾರದ ಆರ್ಥಿಕ ನೆರವೂ ಇಲ್ಲ. ಭಾರತೀಯರಿಗೆ ಗ್ರೀನ್ ಕಾರ್ಡಿನ ಸರದಿ ಬಹಳ ಉದ್ದ. 2022ರಲ್ಲಿ, ಕಾಲೇಜಿನ ನಡುವೆ, ನಮ್ಮ ಮಗ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾಯಿತು. ಹದಿನೈದರ ಮಗುವನ್ನು ಕರೆದೊಯ್ಯುವವರ ಕೈಯಲ್ಲಿರುವುದು ಆರೇ ವರ್ಷ.

ಎರಡು: ಹಿಂದಿರುಗುವ ದಾರಿ. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮದಂತೆ 1ರಿಂದ 12ನೇ ತರಗತಿಯ ನಡುವೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಮೇಲಾಗಿ 10 ಅಥವಾ 12ನೇ ತರಗತಿಯನ್ನು ಇಲ್ಲೇ ಪಾಸು ಮಾಡಿರಬೇಕು. ನನ್ನ ಮಗ ಒಂಬತ್ತು ವರ್ಷ ಓದಿದ್ದ, ಹತ್ತನ್ನು ಮಾತ್ರ ಮುಗಿಸಿರಲಿಲ್ಲ. ಆ ಮುಖ್ಯೋಪಾಧ್ಯಾಯಿನಿಯ ಮಾತಿನ ಬೆಲೆ ಆಗ ತಿಳಿಯಿತು. ಬೇರೆ ಕೆಲವು ವರ್ಗಗಳಿಗೆ ರಿಯಾಯಿತಿಯೂ ಉಂಟು. ಹೊರಡುವ ಮುನ್ನ ಪರೀಕ್ಷಾ ಪ್ರಾಧಿಕಾರದ ನಿಯಮಗಳನ್ನು ಓದಿಕೊಳ್ಳಿ. ವಿದೇಶದ ಡಿಪ್ಲೊಮಾ ಇಲ್ಲಿನ ಪಿ.ಯು.ಸಿ.ಗೆ ಸಮವೆಂದು ಪತ್ರ ಪಡೆಯಬಹುದು.

ಮಕ್ಕಳಿಬ್ಬರೂ ಈಗ ದೊಡ್ಡವರಾಗಿದ್ದಾರೆ, ಚೆನ್ನಾಗಿದ್ದಾರೆ. ಹೋದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮಗ ಕಾಲೇಜು ಮುಗಿಸಿದ ದಿನ ಮಾತಿನ ನಡುವೆ ಅಂದದ್ದು ಮನಸ್ಸಿನಲ್ಲಿ ಉಳಿದಿದೆ: 'ಕಷ್ಟವಾಗಿದ್ದಕ್ಕೆ ಬೇಜಾರಿಲ್ಲಮ್ಮ. ಹೊರಡುವ ಮುಂಚೆ ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ, ಅದಕ್ಕೆ.'

ಕೇಳಿದ್ದರೂ ನಾವು ಹೋಗುತ್ತಿದ್ದೆವೇನೋ. ಆದರೂ ಕೇಳಬೇಕಿತ್ತು. ಟಿಕೆಟ್ ಕೊಳ್ಳುವ ಮುನ್ನ ಒಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೋಗುವ ಊರು, ಶಾಲೆ, ಬರಬಹುದಾದ ಕಷ್ಟ ಎಲ್ಲವನ್ನೂ ಮುಚ್ಚಿಡದೆ ಹೇಳಿ. ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.