ಕುದುರೆ ಹುಲ್ಲಿನ ಜಾಳಿಗೆ ತುಂಬಲು ಒಂದು ಮುಕ್ಕಾಲಿ



ಇವತ್ತು ನಾನು ಗೊಬ್ಬರದ ಮಾತು ಆಡುವುದಿಲ್ಲ, ಬೀಜದ ಮಾತನ್ನೂ ಆಡುವುದಿಲ್ಲ. ಕುದುರೆಗೆ ಒಣಹುಲ್ಲು ತುಂಬುವ ಜಾಳಿಗೆಯ ವಿಷಯ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ನಮ್ಮ ಕಡೆ ಕೆಲವರು ಇದನ್ನು ಕಲ್ಲಿ ಅನ್ನುತ್ತಾರೆ. "ಈಗ ಕುದುರೆ ಯಾರ ಮನೇಲಿದೆ ಸ್ವಾಮಿ?" ಅಂತ ನೀವು ಕೇಳಬಹುದು. ಮೊದಲಿನಷ್ಟು ಇಲ್ಲ, ನಿಜ. ಆದರೂ ಮೈಸೂರಿನಲ್ಲಿ ಟಾಂಗಾ ಕಟ್ಟಿ ಜೀವನ ಮಾಡುವವರು ಇಂದಿಗೂ ಇದ್ದಾರೆ. ಉತ್ತರ ಕರ್ನಾಟಕದ ಕಡೆ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುವವರು ತಟ್ಟುವಿನ ಮೇಲೆ ಸಾಮಾನು ಹೇರಿ ನಡೆಯುತ್ತಾರೆ. ಮದುವೆ ಮೆರವಣಿಗೆಗೆಂದು ಕುದುರೆ ಸಾಕಿದವರೂ ಉಂಟು. ಕುದುರೆ ಇಲ್ಲದವರಿಗೂ ಈ ಮಾತಿನಲ್ಲಿ ಒಂದು ಪ್ರಯೋಜನ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೋದ ವರ್ಷ ಬೇಸಿಗೆಯಲ್ಲಿ ನಡೆದ ಸಂಗತಿ. ಮಣ್ಣಿನ ಪರೀಕ್ಷೆಗೆಂದು ಒಂದು ಊರಿಗೆ ಹೋಗಿದ್ದೆ, ಕೆಲಸ ಮುಗಿಯುವಾಗ ರಾತ್ರಿ ಆಗಿತ್ತು. ಒಬ್ಬ ತಾಯಿ ಓಡಿಬಂದು, "ಕುದುರೆ ಬಿದ್ದು ಒದ್ದಾಡ್ತಾ ಐತೆ ಸ್ವಾಮಿ, ಒಸಿ ಬಂದು ನೋಡಿ" ಅಂದರು. ಹೋಗಿ ನೋಡಿದೆ. ಮೈಯೆಲ್ಲ ಬೆವರು. ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು, ಮತ್ತೆ ಬಿದ್ದು ಹೊರಳುತ್ತಿತ್ತು. ಹೊಟ್ಟೆಶೂಲೆ. ಪಶುವೈದ್ಯರಿಗೆ ಫೋನ್ ಮಾಡಿದೆವು. ಅವರು ಬಂದು ಚಿಕಿತ್ಸೆ ಮಾಡಿದ ಮೇಲೆ, ಬೆಳಗಿನ ಜಾವಕ್ಕೆ ಕುದುರೆ ಲದ್ದಿ ಹಾಕಿ ಎದ್ದು ನಿಂತಿತು. ಆ ಮನೆಯ ಅರ್ಧ ಅನ್ನ ಆ ಕುದುರೆಯ ದುಡಿಮೆಯದು. ಅದು ಎದ್ದು ನಿಂತಾಗ ಆ ತಾಯಿ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟರು.

ವೈದ್ಯರು ಕೇಳಿದರು, "ಸಂಜೆ ಏನು ಹಾಕಿದ್ರಿ ಅಮ್ಮ?" "ಒಂದು ಹೊರೆ ಹುಲ್ಲು ನೆಲಕ್ಕೆ ಹಾಕ್ದೆ. ಆಮೇಲೆ ಹುಳ್ಳಿ ಇಟ್ಟೆ. ನೆನ್ನೇನೂ ಅಂಗೇ ಮಾಡಿದ್ದೆ." "ಜಾಳಿಗೆ ಇಲ್ವಾ?" "ಐತೆ ಸ್ವಾಮಿ, ಅಗೋ ಗೋಡೆ ಮ್ಯಾಲೆ. ಅದನ್ನ ತುಂಬಾಕೆ ಇಬ್ರು ಬೇಕು. ನಮ್ಮ ಯಜಮಾನ್ರು ರಾತ್ರಿ ಕರೆಂಟು ಅಂತ ಪಂಪ್‌ಸೆಟ್ ತಾವ ಹೋಯ್ತಾರೆ. ಇರೋದು ಎರಡೇ ಕೈ, ಒಬ್ಳೇ ಏನ್ ಮಾಡ್ಲಿ?"

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಜಾಳಿಗೆ ಇತ್ತು, ಹುಲ್ಲು ಇತ್ತು, ಅಕ್ಕರೆಯೂ ಇತ್ತು. ಇಲ್ಲದೆ ಇದ್ದದ್ದು ಜಾಳಿಗೆಯ ಬಾಯಿ ಹಿಡಿದು ನಿಲ್ಲುವ ಇನ್ನೊಂದು ಜೊತೆ ಕೈ. ಆ ಕೈಯನ್ನು ನಾವೇ ಮಾಡಿಕೊಳ್ಳಬಹುದು.

ಅದಕ್ಕೆ ಮೊದಲು, ಜಾಳಿಗೆ ಯಾಕೆ ಬೇಕು ಅನ್ನುವುದನ್ನು ತಿಳಿದುಕೊಳ್ಳೋಣ. ಎತ್ತಿನ ಹೊಟ್ಟೆ ಬೇರೆ, ಕುದುರೆಯ ಹೊಟ್ಟೆ ಬೇರೆ. ಎತ್ತಿನ ಹೊಟ್ಟೆಗೆ ನಾಲ್ಕು ಕೋಣೆ. ದೊಡ್ಡ ಎತ್ತಾದರೆ ಮೊದಲನೆಯ ಕೋಣೆಯೊಂದೇ ನೂರು ಲೀಟರಿನಷ್ಟು ಹಿಡಿಯುತ್ತದೆ. ಎತ್ತು ಗಬಗಬ ತಿಂದು ತುಂಬಿಕೊಂಡು, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ದೊಡ್ಡ ಕುದುರೆಯ ಜಠರವೂ ಹತ್ತು ಹದಿನೈದು ಲೀಟರಿಗೆ ಮೀರುವುದಿಲ್ಲ. ಬಯಲಿನಲ್ಲಿ ಬಿಟ್ಟರೆ ಅದು ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಅದರ ಜಠರದಲ್ಲಿ ಹುಳಿರಸ ಹಗಲು ರಾತ್ರಿ ಒಸರುತ್ತಲೇ ಇರುತ್ತದೆ. ಆ ಹುಳಿಯನ್ನು ತಣಿಸುವುದು ಜೊಲ್ಲು, ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಆದ್ದರಿಂದ ಬಹಳ ಹೊತ್ತು ಬಾಯಾಡದೆ ನಿಂತ ಕುದುರೆಯ ಜಠರದಲ್ಲಿ ಹುಣ್ಣಾಗುತ್ತದೆ. ಹಸಿದು ನಿಂತು ಆಮೇಲೆ ಒಮ್ಮೆಲೇ ನುಂಗಿದರೆ ಕರುಳು ಕಟ್ಟಬಹುದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಒಳಗೆ ಹೋಗಿ ಕೆಟ್ಟದ್ದು ಬಾಯಿಂದ ಹೊರಗೆ ಬರಲಾರದು. ಹೊಟ್ಟೆಶೂಲೆಯಿಂದ ಕುದುರೆ ಸಾಯುವುದೂ ಉಂಟು.

ನೆಲಕ್ಕೆ ಹಾಕಿದ ಹುಲ್ಲಿನಲ್ಲಿ ಇನ್ನೂ ಎರಡು ಕೆಡುಕು. ಒಂದು, ಹುಲ್ಲಿನ ಜೊತೆ ಮರಳೂ ಹೊಟ್ಟೆಗೆ ಹೋಗಿ ಕರುಳಿನಲ್ಲಿ ನಿಲ್ಲುತ್ತದೆ. ಎರಡು, ಲದ್ದಿಗೆ ಬೆರೆತ ಹುಲ್ಲಿನಿಂದ ಜಂತು ಹತ್ತುತ್ತದೆ. ತುಳಿದು ಹಾಳಾಗುವ ಹುಲ್ಲಿನ ಲೆಕ್ಕ ಬೇರೆ. ಜಾಳಿಗೆಯಾದರೆ ಕುದುರೆ ಕಣ್ಣು ಕಣ್ಣಿನಿಂದ ಎಳೆದು ಎಳೆದು ತಿನ್ನಬೇಕು. ಒಂದು ಗಂಟೆಯಲ್ಲಿ ಮುಗಿಯುವ ಹುಲ್ಲು ಬಹಳ ಹೊತ್ತು ಬರುತ್ತದೆ. 'ಊಟ ಬಲ್ಲವನಿಗೆ ರೋಗವಿಲ್ಲ' ಅನ್ನುವ ಗಾದೆ ಕುದುರೆಗೂ ಸಲ್ಲುತ್ತದೆ. ಆದರೆ ಕಟ್ಟಿಹಾಕಿದ ಕುದುರೆಯ ಊಟವನ್ನು ನಾವು ಬಲ್ಲವರಾಗಿರಬೇಕು.

ಈಗ ಮುಕ್ಕಾಲಿ ಮಾಡುವ ಕ್ರಮ ಕೇಳಿ. ಬೇಕಾದದ್ದು ಇಷ್ಟೇ: ಸೈಕಲ್ಲಿನ ಒಂದು ಹಳೆಯ ರಿಮ್ಮು, ಮೂರೂವರೆ ಅಡಿ ಉದ್ದದ ಮೂರು ಗಟ್ಟಿ ಬಿದಿರು, ಅಡ್ಡಕ್ಕೆ ಕಟ್ಟಲು ಮೂರು ಬಿದಿರ ತುಂಡು, ಕಟ್ಟುವ ತಂತಿ, ಸ್ವಲ್ಪ ದಪ್ಪ ತಂತಿ. ರಿಮ್ಮು ಸೈಕಲ್ ಶಾಪಿನಲ್ಲಿ ಗುಜರಿ ಬೆಲೆಗೆ ಸಿಗುತ್ತದೆ. ದೊಡ್ಡವರ ಸೈಕಲ್ಲಿನ ರಿಮ್ಮು ಸುಮಾರು ಎರಡು ಅಡಿ ಅಗಲ ಇರುತ್ತದೆ. ನಿಮ್ಮ ಜಾಳಿಗೆಯ ಬಾಯಿ ಅಷ್ಟು ಹಿಗ್ಗದಿದ್ದರೆ ಮಕ್ಕಳ ಸೈಕಲ್ಲಿನ ರಿಮ್ಮು ಸಾಕು.

ಮೊದಲು ಕಡ್ಡಿಗಳನ್ನೆಲ್ಲ ಬಿಚ್ಚಿ ತೆಗೆಯಿರಿ. ಆಮೇಲೆ ಕೊಕ್ಕೆ ಮಾಡಬೇಕು. ಒಂದು ಗೇಣು ದಪ್ಪ ತಂತಿಯನ್ನು ನಡುವೆ ಮಡಚಿ, ಅದರ ಎರಡು ತುದಿಗಳನ್ನು ರಿಮ್ಮಿನ ಒಳಗಡೆಯಿಂದ ಪಕ್ಕಪಕ್ಕದ ಎರಡು ಕಡ್ಡಿ ತೂತುಗಳಲ್ಲಿ ಹೊರಗೆ ತೂರಿಸಿ. ಹೊರಗೆ ಬಂದ ತುದಿಗಳನ್ನು ಒಟ್ಟಿಗೆ ಹೊಸೆದು, ಎರಡು ಅಂಗುಲ ಹೊರಚಾಚಿ, ತುದಿಯನ್ನು ಕೆಳಕ್ಕೆ ಬಗ್ಗಿಸಿ. ಹೀಗೆ ಮಾಡಿದರೆ ರಿಮ್ಮಿನ ಒಳಮೈ ನುಣುಪಾಗಿರುತ್ತದೆ, ಹುಲ್ಲು ತಳ್ಳುವಾಗ ಕೈ ಗೀರುವುದಿಲ್ಲ. 32 ತೂತಿನ ರಿಮ್ಮಾದರೆ ಎರಡು ತೂತಿಗೊಂದು ಕೊಕ್ಕೆ, ನಡುವೆ ಎರಡು ತೂತು ಖಾಲಿ, ಹೀಗೆ ಸುತ್ತಲೂ 8 ಕೊಕ್ಕೆ ಆಗುತ್ತವೆ. ಕೊಕ್ಕೆಯ ಚೂಪು ತುದಿಯನ್ನು ಸುತ್ತಿಗೆಯಿಂದ ಬಡಿದು ಮೊಂಡು ಮಾಡಿ.

ಕೊಕ್ಕೆಯ ತುದಿ ಕೆಳಕ್ಕೇ ಇರಬೇಕು, ಇದನ್ನು ಮರೆಯಬೇಡಿ. ಆ ತಾಯಿಯ ಯಜಮಾನರೂ ನಾನೂ ಸೇರಿ ಮೊದಲ ಮುಕ್ಕಾಲಿ ಮಾಡಿದಾಗ ತುದಿಯನ್ನು ಮೇಲಕ್ಕೆ ಬಗ್ಗಿಸಿದ್ದೆವು. ಹುಲ್ಲಿನ ಭಾರ ಬೀಳುತ್ತಲೇ ಜಾಳಿಗೆಯ ಕಣ್ಣು ಮೇಲಕ್ಕೆ ಜಗ್ಗಿ ಒಂದೊಂದಾಗಿ ಜಾರಿ ಒಳಕ್ಕೆ ಬಿದ್ದವು. ಆ ತಾಯಿ ನಕ್ಕು, "ಕೊಕ್ಕೆ ತಲೆಕೆಳಗಾಗಬೇಕು ಕನ್ರಪ್ಪಾ" ಅಂದರು. ಅವರು ಹೇಳಿದ್ದೇ ಸರಿ. ಜಾಳಿಗೆಯ ಬಾಯಿ ರಿಮ್ಮಿನ ಒಳಗಿನಿಂದ ಮೇಲೆ ಬಂದು, ಅಂಚಿನ ಮೇಲೆ ಮಡಚಿ, ಹೊರಗಡೆ ಕೆಳಕ್ಕೆ ಇಳಿದು ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಆಗ ಭಾರ ಹೆಚ್ಚಿದಷ್ಟೂ ಹಿಡಿತ ಗಟ್ಟಿಯಾಗುತ್ತದೆ.

ಇನ್ನು ಕಾಲು. ಮೂರು ಬಿದಿರನ್ನು ರಿಮ್ಮಿನ ಹೊರಮೈಗೆ ಸಮದೂರದಲ್ಲಿ ನಿಲ್ಲಿಸಿ, ಖಾಲಿ ತೂತುಗಳ ಮೂಲಕ ತಂತಿ ಹಾಯಿಸಿ ಬಿಗಿಯಾಗಿ ಕಟ್ಟಿ. ರಿಮ್ಮು ನೆಲದಿಂದ ಮೂರು ಅಡಿ ಎತ್ತರದಲ್ಲಿ ಇರಲಿ. ಕಾಲುಗಳು ಕೆಳಗೆ ಒಂದೊಂದು ಅಡಿ ಹೊರಕ್ಕೆ ಚಾಚಿರಬೇಕು. ನೆಟ್ಟಗೆ ನಿಲ್ಲಿಸಿದರೆ ಹುಲ್ಲು ಅದುಮುವಾಗ ಮುಕ್ಕಾಲಿ ಮಗುಚುತ್ತದೆ. ನೆಲದಿಂದ ಒಂದಡಿ ಮೇಲೆ, ಕಾಲಿನಿಂದ ಕಾಲಿಗೆ ಅಡ್ಡ ಬಿದಿರು ಕಟ್ಟಿದರೆ ಅಲ್ಲಾಡುವುದಿಲ್ಲ. ಜಾಳಿಗೆಯ ತಳ ನೆಲಕ್ಕೆ ತಾಗಿದ ಹಾಗೆ ನೋಡಿಕೊಳ್ಳಿ. ತಳ ತೇಲುತ್ತಿದ್ದರೆ ಕೆಳಗೆ ಒಂದು ಗೋಣಿ ಮಡಚಿ ಹಾಕಿ.

ತುಂಬುವುದು ಸುಲಭ. ಜಾಳಿಗೆಯ ಬಾಯನ್ನು ಎಂಟು ಕೊಕ್ಕೆಗೂ ಸಿಕ್ಕಿಸಿ. ಹುಲ್ಲನ್ನು ಕೊಡವಿ, ಬಿಡಿಬಿಡಿಯಾಗಿ ಎರಡು ಕೈಯಿಂದಲೂ ತಳ್ಳಿ, ನಡುವೆ ಒಮ್ಮೆ ಅದುಮಿ. ತುಂಬಿದ ಮೇಲೆ ಕೊಕ್ಕೆ ಬಿಡಿಸಿ ಬಾಯಿದಾರ ಎಳೆದರೆ ಮುಗಿಯಿತು. ಒಬ್ಬರ ಕೆಲಸ, ಕೆಲವೇ ನಿಮಿಷದ್ದು. ಇದಕ್ಕೂ ಸುಲಭ ಬೇಕೆಂದರೆ, ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಡ್ರಮ್ಮಿಗೆ ಕೆಳಗಿನಿಂದ ಜಾಳಿಗೆಯನ್ನು ಅಂಗಿ ತೊಡಿಸಿದಂತೆ ಹೊರಗಡೆ ತೊಡಿಸಿ, ಒಳಗೆ ಹುಲ್ಲು ತುಂಬಿ. ಆಮೇಲೆ ಡ್ರಮ್ಮನ್ನು ಮೇಲಕ್ಕೆ ಎಳೆದುಬಿಡಿ, ಹುಲ್ಲು ಜಾಳಿಗೆಯಲ್ಲಿ ಉಳಿಯುತ್ತದೆ. ಕತ್ತರಿಸಿದ ಅಂಚಿಗೆ ಸೀಳಿದ ರಬ್ಬರ್ ಪೈಪು ಸಿಕ್ಕಿಸುವುದನ್ನು ಬಿಡಬೇಡಿ. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ಮು ಮಾತ್ರ ಬೇಡವೇ ಬೇಡ.

ಎಷ್ಟು ತುಂಬಬೇಕು? ಕುದುರೆಯ ಮೈತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣಮೇವು ದಿನಕ್ಕೆ ಬೇಕು ಎನ್ನುವುದು ಸುಮಾರು ಲೆಕ್ಕ. 300 ಕಿಲೋ ತೂಗುವ ಕುದುರೆಗೆ 6 ಕಿಲೋ ಆಯಿತು. ಬೆಳಿಗ್ಗೆ ಒಂದೂವರೆ, ಮಧ್ಯಾಹ್ನ ಒಂದೂವರೆ, ರಾತ್ರಿಗೆ ಮೂರು ಕಿಲೋ ಹೀಗೆ ಹಂಚಿಕೊಳ್ಳಿ. ರಾತ್ರಿಯ ಹೊತ್ತು ಉದ್ದ, ಅದಕ್ಕೇ ರಾತ್ರಿಯ ಜಾಳಿಗೆ ದೊಡ್ಡದಿರಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಅದನ್ನು ಒಣಹುಲ್ಲಿನ ತೂಕಕ್ಕೆ ಸಮ ಎಂದು ಎಣಿಸಬೇಡಿ. ಗರಿಕೆಯ ಒಣಹುಲ್ಲು ಕುದುರೆಗೆ ಬಹಳ ಒಳ್ಳೆಯದು. ಕುದುರೆ ಮೆಂತ್ಯ ಬೆಳೆದವರು ಸ್ವಲ್ಪ ಬೆರೆಸಿ ಕೊಡಿ. ಬರೀ ಭತ್ತದ ಹುಲ್ಲನ್ನೇ ನಂಬಬೇಡಿ, ಅದರಲ್ಲಿ ಸತ್ವ ಕಡಿಮೆ. ಬೂಷ್ಟು ಹಿಡಿದ ಹುಲ್ಲು, ಮುಗ್ಗಲು ವಾಸನೆಯ ಹುಲ್ಲು ತಿಪ್ಪೆಗೆ ಹೋಗಲಿ. ಹುಲ್ಲಿನಲ್ಲಿ ಧೂಳು ಹೆಚ್ಚಿದ್ದರೆ ತುಂಬಿದ ಜಾಳಿಗೆಯನ್ನೇ ಹತ್ತು ಹದಿನೈದು ನಿಮಿಷ ನೀರಿನಲ್ಲಿ ಮುಳುಗಿಸಿ, ಸೋರಿದ ಮೇಲೆ ಕಟ್ಟಿ. ಧೂಳು ತಿಂದ ಕುದುರೆಗೆ ಕೆಮ್ಮು, ಉಬ್ಬಸ ಬರುತ್ತದೆ. ನೆನೆಸಿದ ಹುಲ್ಲು ಬಿಸಿಲಿಗೆ ಬೇಗ ಹುಳಿಯುತ್ತದೆ, ಆದ್ದರಿಂದ ಆ ಹೊತ್ತಿಗೆ ಬೇಕಾದಷ್ಟೇ ನೆನೆಸಿ.

ಜಾಳಿಗೆ ಕಟ್ಟುವಾಗ ಎಚ್ಚರ ಬೇಕು. ತುಂಬಿದ ಜಾಳಿಗೆ ಎತ್ತರದಲ್ಲಿದ್ದಂತೆ ಕಾಣುತ್ತದೆ, ಖಾಲಿಯಾದಂತೆ ಜೋತು ಕೆಳಗಿಳಿಯುತ್ತದೆ. ಕುದುರೆ ಕಾಲು ಕೆರೆದಾಗ ಗೊರಸು, ಅದರಲ್ಲೂ ಲಾಳ ಹೊಡೆದ ಗೊರಸು, ಕಣ್ಣಿನಲ್ಲಿ ಸಿಕ್ಕಿತೆಂದರೆ ಗಾಬರಿಯಿಂದ ಎಗರಿ ಕಾಲು ಮುರಿದುಕೊಳ್ಳುತ್ತದೆ. ಆದ್ದರಿಂದ ಬಾಯಿದಾರವನ್ನು ಕುದುರೆಯ ಕಣ್ಣಿನ ಮಟ್ಟದ ಬಳೆಯಲ್ಲಿ ತೂರಿಸಿ, ಜಾಳಿಗೆಯ ತಳದ ಒಂದು ಕಣ್ಣಿನಲ್ಲಿ ಹಾಯಿಸಿ, ಮತ್ತೆ ಮೇಲಕ್ಕೆ ಎಳೆದು ಕಟ್ಟಿ. ಖಾಲಿಯಾದರೂ ತಳವು ಕುದುರೆಯ ಎದೆಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ತೀರ ಮೇಲೆ ಕಟ್ಟಿದರೆ ಧೂಳು ಕಣ್ಣಿಗೆ ಬೀಳುತ್ತದೆ. ಗಂಟು, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುವ ಗಂಟಾಗಿರಲಿ. ಹರಿದ ಕಣ್ಣನ್ನು ಅಂದೇ ಹೆಣೆಯಿರಿ. ಕೊಂಬಿರುವ ದನಕ್ಕೆ, ಆಡಿಗೆ ಜಾಳಿಗೆ ಕಟ್ಟಬೇಡಿ, ಕೊಂಬು ಸಿಕ್ಕಿ ಕತ್ತಿಗೆ ಉರುಲಾಗುತ್ತದೆ.

ಹೊಟ್ಟೆಶೂಲೆಯ ಗುರುತು ಕಂಡರೆ ಮೇವು ತೆಗೆದುಬಿಡಿ, ಕೂಡಲೆ ಪಶುವೈದ್ಯರನ್ನು ಕರೆಸಿ. ಗೊಟ್ಟದಲ್ಲಿ ಎಣ್ಣೆ ಕಷಾಯ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅಪಾಯ.

ಕುದುರೆ ಇಲ್ಲದವರಿಗೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಷ್ಟೇ. ಇದೇ ಮುಕ್ಕಾಲಿಗೆ ಗೋಣಿಚೀಲದ ಬಾಯನ್ನು ಸಿಕ್ಕಿಸಿದರೆ ತರಗೆಲೆ, ಹೊಟ್ಟು, ಗೊಬ್ಬರ, ಮೆಕ್ಕೆಜೋಳದ ತೆನೆ ಯಾವುದನ್ನೂ ಒಬ್ಬರೇ ತುಂಬಬಹುದು. ಗೋಣಿಯ ಬಾಯಿ ಚಿಕ್ಕದಾದ್ದರಿಂದ ಅದಕ್ಕೆ ಮಕ್ಕಳ ಸೈಕಲ್ಲಿನ ರಿಮ್ಮು ಸರಿಹೊಂದುತ್ತದೆ. ಚೀಲ ಹಿಡಿಯಲಿಕ್ಕೆಂದು ಮಗುವನ್ನು ಶಾಲೆ ಬಿಡಿಸಿ ಕೂರಿಸಿಕೊಳ್ಳುವುದು ತಪ್ಪುತ್ತದೆ.

ಮೊನ್ನೆ ಆ ಊರಿಗೆ ಮತ್ತೆ ಹೋಗಿದ್ದೆ. ಕತ್ತಲಾಗಿತ್ತು, ಯಜಮಾನರು ಪಂಪ್‌ಸೆಟ್ಟಿನ ಹತ್ತಿರ ಹೋಗಿದ್ದರು. ಆ ತಾಯಿ ಒಬ್ಬರೇ ಮುಕ್ಕಾಲಿಯ ಮುಂದೆ ನಿಂತು ರಾತ್ರಿಯ ಜಾಳಿಗೆ ತುಂಬುತ್ತಿದ್ದರು. ಕುದುರೆ ಬೆಳಗಿನ ಜಾಳಿಗೆಯ ಕೊನೆಯ ಎಳೆ ಎಳೆಯುತ್ತಾ ನಿಂತಿತ್ತು. ನಿಮ್ಮ ಮನೆಯ ಗೋಡೆಯ ಮೇಲೂ ಒಂದು ಜಾಳಿಗೆ ಸುಮ್ಮನೆ ತೂಗುತ್ತಿದ್ದರೆ, ಬರುವ ಸಂತೆಯ ದಿನ ಸೈಕಲ್ ಶಾಪಿನಲ್ಲಿ ಒಂದು ಹಳೆಯ ರಿಮ್ಮು ಕೇಳಿ ತನ್ನಿ.