ಗೆಡ್ಡೆಗೂ ಒಂದು ಅಳತೆಗೋಲು



ಒಂದು ಗೆಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕವೇ ಹೇಳಿಬಿಡುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಪೆಥಾಲಜಿಯಲ್ಲಿ ಕೆಲವೊಮ್ಮೆ ನಮ್ಮ ಜಾಮಿಟ್ರಿ ಬಾಕ್ಸಿನಲ್ಲಿರುವಂಥ ಸ್ಕೇಲು ಕೂಡ ತೀರ್ಪು ಕೊಡುತ್ತದೆ. ಜೀವಶಾಸ್ತ್ರ ಓದುತ್ತಿರುವ ನನಗೆ ಬಹಳ ಕುತೂಹಲ ಹುಟ್ಟಿಸಿದ ಈ ವಿಷಯವನ್ನು ಮೂತ್ರಪಿಂಡದ ಉದಾಹರಣೆಯಿಂದ ವಿವರಿಸುತ್ತೇನೆ.

ಮೂತ್ರಪಿಂಡದಲ್ಲಿ 'ಪ್ಯಾಪಿಲರಿ' ಎಂಬ ಬಗೆಯ ಗೆಡ್ಡೆಗಳು ಬೆಳೆಯುತ್ತವೆ. ಬೆರಳಿನಾಕಾರದ ಸಣ್ಣ ಚಾಚುಗಳು ಇವುಗಳ ಗುರುತು. ಚಿಕ್ಕ ಗೆಡ್ಡೆಯ ಕೋಶಗಳೂ ದೊಡ್ಡ ಗೆಡ್ಡೆಯ ಕೋಶಗಳೂ ನೋಡಲು ಒಂದೇ ತೆರನಾಗಿರಬಹುದು. ಆದರೆ ಚಿಕ್ಕವು ನಿರಪಾಯಕಾರಿ. ದೊಡ್ಡವು ದೇಹದ ಬೇರೆ ಭಾಗಗಳಿಗೆ ಹರಡಬಲ್ಲವು. ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2004ರ ವರ್ಗೀಕರಣದಂತೆ 5 ಮಿಲಿಮೀಟರ್‌ವರೆಗಿನದು 'ಅಡಿನೋಮ', ಅಂದರೆ ಸಾಧು ಗೆಡ್ಡೆ. ಅದಕ್ಕಿಂತ ದೊಡ್ಡದು ಕ್ಯಾನ್ಸರ್. 2016ರಲ್ಲಿ ಈ ಮಿತಿಯನ್ನು 15 ಮಿಲಿಮೀಟರ್‌ಗೆ ಏರಿಸಲಾಯಿತು. ಹಿಂದೆ ಕ್ಯಾನ್ಸರ್ ಎನಿಸಿಕೊಳ್ಳುತ್ತಿದ್ದ 10 ಮಿಲಿಮೀಟರ್ ಗೆಡ್ಡೆ ಈಗ ಅಡಿನೋಮ ಎನಿಸಬಹುದು. ಗೆಡ್ಡೆ ಬದಲಾಗಲಿಲ್ಲ, ಗೆರೆ ಬದಲಾಯಿತು.

ಇದು ಮನಬಂದಂತೆ ಎಳೆದ ಗೆರೆಯಲ್ಲ. ಇಂಥ ಗೆಡ್ಡೆಗಳು ಮುಂದೆ ಹೇಗೆ ವರ್ತಿಸಿದವು ಎಂಬ ಅನುಭವವೇ ಇದಕ್ಕೆ ಆಧಾರ. ಆದರೂ ಇದು ಪ್ರಕೃತಿ ಕಟ್ಟಿದ ಬೇಲಿಯೂ ಅಲ್ಲ. ಪರೀಕ್ಷೆಯ ಪಾಸ್ ಅಂಕದಂತೆ, ಎಲ್ಲೋ ಒಂದು ಕಡೆ ನಿರ್ಧಾರ ಮಾಡಬೇಕಾದ್ದರಿಂದ ಮನುಷ್ಯರು ಗೊತ್ತುಮಾಡಿಕೊಂಡ ಗಡಿ.

ಅಳತೆಯೊಂದನ್ನೇ ನಂಬಿದರೆ ಅಪಾಯವೂ ಇದೆ. ಕಳೆದ ಶತಮಾನದಲ್ಲಿ ಅಮೆರಿಕದ ಪೆಥಾಲಜಿಸ್ಟ್ ಇ. ಟಿ. ಬೆಲ್, 3 ಸೆಂಟಿಮೀಟರ್‌ಗಿಂತ ಚಿಕ್ಕದಾದ ಮೂತ್ರಪಿಂಡದ ಗೆಡ್ಡೆಗಳು ಹರಡುವುದು ಅಪರೂಪ ಎಂದು ಗಮನಿಸಿದರು. ಅದು ಕ್ರಮೇಣ ನಿಯಮವೇ ಆಯಿತು. ಆದರೆ ಚಿಕ್ಕ ಗೆಡ್ಡೆಗಳೂ ಕೆಲವೊಮ್ಮೆ ಹರಡುತ್ತವೆ. ಆದ್ದರಿಂದ 'ಕ್ಲಿಯರ್ ಸೆಲ್' ಎಂಬ ಇನ್ನೊಂದು ಬಗೆಯ ಗೆಡ್ಡೆಗೆ ಇಂದು ಅಳತೆಯ ರಿಯಾಯಿತಿ ಇಲ್ಲ. ಎಷ್ಟೇ ಚಿಕ್ಕದಿದ್ದರೂ ಅದು ಕ್ಯಾನ್ಸರೇ. ಪ್ಯಾಪಿಲರಿ ಗೆಡ್ಡೆಯಲ್ಲೂ ಗಾತ್ರ ಚಿಕ್ಕದಿದ್ದರೆ ಸಾಲದು. ಕೋಶಕೇಂದ್ರಗಳು ಕೆಳದರ್ಜೆಯವಾಗಿರಬೇಕು, ಗೆಡ್ಡೆಯ ಸುತ್ತ ಕವಚ ಇರಬಾರದು. ಸೂಜಿಯಿಂದ ತೆಗೆದ ಚೂರಿನಲ್ಲಿ ಇದೆಲ್ಲ ಪೂರ್ತಿಯಾಗಿ ಕಾಣದಿರಬಹುದು. ಆದ್ದರಿಂದ ಅಲ್ಲಿ ಹೆಚ್ಚಿನ ಎಚ್ಚರ ಬೇಕು.

ಗೆರೆ ತೀರ ಕೆಳಗಿದ್ದರೆ, ತೊಂದರೆ ಕೊಡದ ಗೆಡ್ಡೆಯುಳ್ಳವರೂ ಕ್ಯಾನ್ಸರ್ ರೋಗಿ ಎಂಬ ಭಯದಲ್ಲಿ ಬದುಕಬೇಕಾಗುತ್ತದೆ. ತೀರ ಮೇಲಿದ್ದರೆ, ಚಿಕಿತ್ಸೆ ಬೇಕಾದವರು ತಪ್ಪಿಹೋಗುತ್ತಾರೆ. ವೈದ್ಯಕೀಯ ಅಥವಾ ಲ್ಯಾಬ್ ಟೆಕ್ನಾಲಜಿ ಓದಬೇಕೆಂದಿರುವ ನಮ್ಮಲ್ಲಿ ಯಾರಾದರೂ ನಾಳೆ ಆ ಸ್ಕೇಲು ಹಿಡಿಯಬಹುದು. ಒಂದೊಂದು ಮಿಲಿಮೀಟರ್‌ನ ಹಿಂದೆಯೂ ಒಂದು ಮನೆಯ ನೆಮ್ಮದಿ ಇದೆ ಎಂಬುದು ಆಗ ನೆನಪಿರಲಿ.