ಯಾರು ಓದಲಿ ಎಂದು ಬರೆಯುತ್ತೀರಿ?
ಅಂತರಜಾಲದಲ್ಲಿ ದಿನಚರಿ ತೆರೆಯುವವರಿಗೆ ಕೆಲವು ಮಾತುಗಳು



ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಗೊರೂರಿನ ಹೇಮಾವತಿ ಜಲಾಶಯದಿಂದ ತುಮಕೂರಿನ ಕಡೆಗೆ ಹೋಗುವ ನಾಲೆಯ ನೀರು ಬಾಗೂರು–ನವಿಲೆ ಸುರಂಗದ ಮೂಲಕವೇ ಹರಿಯಬೇಕು. ಈ ಊರಿನಲ್ಲಿ ಪಿ.ಯು.ಸಿ. ಓದುತ್ತಿರುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಒಂದೇ ದಿನದಲ್ಲಿ ಆಕೆ ಮೂರು ಬರಹಗಳನ್ನು ಬರೆಯುತ್ತಾಳೆ. ಮೊದಲನೆಯದು ನಾಲೆಗೆ ನೀರು ಬಂದದ್ದರ ಬಗ್ಗೆ. ಅದು ಕಾಲೇಜಿನ ಗೋಡೆ ಪತ್ರಿಕೆಗೆ. ಎರಡನೆಯದು ಹಾಸನದ ಹಾಸ್ಟೆಲಿನಲ್ಲಿರುವ ಗೆಳತಿಗೆ ಬರೆದ ಕಾಗದ. ಮೂರನೆಯದು ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು. ಆ ಪುಸ್ತಕ ಬಟ್ಟೆಗಳ ಕೆಳಗೆ, ಟ್ರಂಕಿನ ತಳದಲ್ಲಿ ಇರುತ್ತದೆ.

ಬರೆದ ಕೈ ಒಂದೇ, ದಿನವೂ ಒಂದೇ. ಬೇರೆಯಾದದ್ದು ಓದುವವರು. ಗೋಡೆ ಪತ್ರಿಕೆಯನ್ನು ದಾರಿಯಲ್ಲಿ ಹೋಗುವವರೆಲ್ಲ ಓದಬಹುದು. ಕಾಗದವನ್ನು ಒಬ್ಬಳು ಓದುತ್ತಾಳೆ. ನೋಟ್ ಪುಸ್ತಕವನ್ನು ಯಾರೂ ಓದಬಾರದು. ಈ ಮೂರು ಬಗೆಯ ಬರಹಕ್ಕೂ ಒಂದೇ ಕಡೆ ಜಾಗ ಮಾಡಿಕೊಡುವ ತಾಣಗಳು ಅಂತರಜಾಲದಲ್ಲಿವೆ. ಇವನ್ನು ಜಾಲ ದಿನಚರಿಯ ತಾಣಗಳು ಎಂದು ಕರೆಯೋಣ. ಅಲ್ಲಿ ಖಾತೆ ತೆರೆಯುವುದು ಐದು ನಿಮಿಷದ ಕೆಲಸ. ಆದರೆ ಪ್ರತಿ ಬರಹಕ್ಕೂ ಓದುಗರು ಯಾರು ಎಂದು ತೀರ್ಮಾನಿಸುವುದನ್ನು ಕಲಿಯಲು ಸ್ವಲ್ಪ ಸಮಯ ಬೇಕು. ಈ ಲೇಖನದ ಉದ್ದೇಶ ಅದೇ.

ಹುಟ್ಟಿ ಬಂದ ಬಗೆ

1999ರಲ್ಲಿ ಅಮೆರಿಕದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ವಿದ್ಯಾರ್ಥಿ ತನ್ನ ಶಾಲಾ ಗೆಳೆಯರಿಗೆ ತನ್ನ ಸಮಾಚಾರ ತಿಳಿಸಲೆಂದು ಒಂದು ತಾಣವನ್ನು ರೂಪಿಸಿದ. ಅದೇ ಲೈವ್‌ಜರ್ನಲ್. ಪ್ರತಿಯೊಬ್ಬ ಸದಸ್ಯನಿಗೂ ಒಂದು ದಿನಚರಿ. ಇತ್ತೀಚಿನ ಬರಹ ಮೇಲೆ, ಹಳೆಯದು ಕೆಳಗೆ. ಗೆಳೆಯರ ಬರಹಗಳೆಲ್ಲ ಒಂದೇ ಪುಟದಲ್ಲಿ ದಿನಾಂಕದ ಕ್ರಮದಲ್ಲಿ ಬಂದು ಕೂರುತ್ತಿದ್ದವು. ಪ್ರತಿ ಬರಹದ ಕೆಳಗೆ ಓದಿದವರು ಪ್ರತಿಕ್ರಿಯೆ ಬರೆಯಬಹುದು, ಆ ಪ್ರತಿಕ್ರಿಯೆಗೆ ಮತ್ತೊಬ್ಬರು ಉತ್ತರಿಸಬಹುದು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ದಿನಪತ್ರಿಕೆಯ ಪುಟ ಎಲ್ಲರಿಗೂ ಒಂದೇ. ಲೈವ್‌ಜರ್ನಲ್‌ನ ಓದುವ ಪುಟ ಮಾತ್ರ ಒಬ್ಬೊಬ್ಬರಿಗೂ ಬೇರೆ, ಏಕೆಂದರೆ ಒಬ್ಬೊಬ್ಬರ ಗೆಳೆಯರೂ ಬೇರೆ. ಕೇಳಿದಾಗಲೆಲ್ಲ ಮಾಹಿತಿಕೋಶವನ್ನು ಜಾಲಾಡಿ ಪುಟ ಕಟ್ಟುತ್ತಾ ಹೋದರೆ ಯಂತ್ರಗಳು ಸೋತುಹೋಗುತ್ತವೆ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಗಣಕದ ವೇಗದ ಸ್ಮೃತಿಯಲ್ಲೇ ಇಟ್ಟುಕೊಳ್ಳಲು ಫಿಟ್ಜ್‌ಪ್ಯಾಟ್ರಿಕ್ 2003ರಲ್ಲಿ ಮೆಮ್‌ಕ್ಯಾಶ್‌ಡ್ ಎಂಬ ತಂತ್ರಾಂಶವನ್ನು ಬರೆದ. ಮುಂದೆ ಅದು ಜಗತ್ತಿನ ಅನೇಕ ದೊಡ್ಡ ತಾಣಗಳಲ್ಲಿ ಬಳಕೆಗೆ ಬಂತು. ಗೆಳೆಯರ ದಿನಚರಿ ಓದುವ ಆಸೆಯಿಂದ ಗಣಕ ವಿಜ್ಞಾನಕ್ಕೆ ಒಂದು ಉಪಕರಣ ಸಿಕ್ಕಿತು.

ಲೈವ್‌ಜರ್ನಲ್ 2005ರಲ್ಲಿ ಒಂದು ಕಂಪನಿಗೂ 2007ರಲ್ಲಿ ರಷ್ಯಾದ ಮತ್ತೊಂದು ಕಂಪನಿಗೂ ಮಾರಾಟವಾಯಿತು. ಅಲ್ಲಿ ಹಿಂದೆ ಕೆಲಸ ಮಾಡಿದ್ದ ಮಾರ್ಕ್ ಸ್ಮಿತ್ ಮತ್ತು ಡೆನಿಸ್ ಪಾವೊಲುಚ್ಚಿ ಅದೇ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು 2009ರಲ್ಲಿ ಡ್ರೀಮ್‌ವಿಡ್ತ್ ಎಂಬ ತಾಣವನ್ನು ತೆರೆದರು. ಇದರಲ್ಲಿ ಜಾಹೀರಾತುಗಳಿಲ್ಲ, ಹಣ ಕೊಡಬಯಸುವ ಸದಸ್ಯರ ಚಂದಾದಿಂದ ನಡೆಯುತ್ತದೆ. ಉಚಿತ ಖಾತೆಯೂ ಇದೆ.

ನಮ್ಮಲ್ಲೂ ಇಂಥ ಪ್ರಯತ್ನ ನಡೆಯಿತು. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ ‘ಸಂಪದ’ದಲ್ಲಿ ಸದಸ್ಯರು ತಮ್ಮ ತಮ್ಮ ಹೆಸರಿನಲ್ಲಿ ಕನ್ನಡದಲ್ಲಿ ಬರೆದರು, ಒಬ್ಬರ ಬರಹಕ್ಕೆ ಇನ್ನೊಬ್ಬರು ಪ್ರತಿಕ್ರಿಯಿಸಿದರು. ಪತ್ರಿಕೆಗೆ ಕಳುಹಿಸಿ ಸಂಪಾದಕರ ಉತ್ತರಕ್ಕೆ ಕಾಯದೆ ಬರೆಯುವ ಅವಕಾಶ ಊರು ಬಿಟ್ಟು ದೂರ ಹೋದ ಎಷ್ಟೋ ಕನ್ನಡಿಗರಿಗೆ ಹೀಗೆ ಸಿಕ್ಕಿತು.

ಮೂರು ಬಾಗಿಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಬರಹವನ್ನು ಪ್ರಕಟಿಸುವ ಮೊದಲು ಇಂಥ ತಾಣ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಯಾರು ಓದಬಹುದು? ಉತ್ತರಗಳು ಮುಖ್ಯವಾಗಿ ಮೂರು. ಎಲ್ಲರೂ ಓದಬಹುದು, ಇದು ಗೋಡೆ ಪತ್ರಿಕೆ. ನಾನು ಒಪ್ಪಿಗೆ ಕೊಟ್ಟವರು ಮಾತ್ರ ಓದಬಹುದು, ಇದು ಕಾಗದ. ನಾನೊಬ್ಬಳೇ ಓದಬಹುದು, ಇದು ಟ್ರಂಕಿನ ತಳದ ಪುಸ್ತಕ. ಒಪ್ಪಿಗೆ ಕೊಟ್ಟವರಲ್ಲೇ ಸಹಪಾಠಿಗಳದ್ದೊಂದು ಪಟ್ಟಿ, ಮನೆಯವರದ್ದೊಂದು ಪಟ್ಟಿ ಎಂದು ಬೇರೆ ಬೇರೆ ಮಾಡಿಕೊಳ್ಳಲೂ ಸಾಧ್ಯ.

ಲೈವ್‌ಜರ್ನಲ್‌ನಲ್ಲಿ ‘ಗೆಳೆಯ’ ಎಂಬ ಒಂದೇ ಮಾತಿಗೆ ಎರಡು ಅರ್ಥವಿತ್ತು. ನಾನು ನಿಮ್ಮ ಬರಹ ಓದುತ್ತೇನೆ ಎಂಬುದೊಂದು. ನನ್ನ ಬೀಗ ಹಾಕಿದ ಬರಹವನ್ನು ನೀವು ಓದಬಹುದು ಎಂಬುದು ಇನ್ನೊಂದು. ಇವೆರಡೂ ಒಂದೇ ಅಲ್ಲ. ಒಬ್ಬ ಲೇಖಕರ ಬರಹ ನಿಮಗೆ ಇಷ್ಟವಾಗಬಹುದು, ಆದರೆ ನಿಮ್ಮ ಮನೆಯ ಮಾತು ಅವರಿಗೆ ತಿಳಿಯಬೇಕಿಲ್ಲ. ಡ್ರೀಮ್‌ವಿಡ್ತ್ ಇವೆರಡನ್ನೂ ಬೇರ್ಪಡಿಸಿತು: ಯಾರನ್ನು ಓದುತ್ತೀರಿ ಎಂಬುದಕ್ಕೆ ಒಂದು ಪಟ್ಟಿ, ಯಾರಿಗೆ ಒಪ್ಪಿಗೆ ಎಂಬುದಕ್ಕೆ ಮತ್ತೊಂದು. ಯಾವ ತಾಣ ಸೇರಿದರೂ ಈ ಎರಡು ಪಟ್ಟಿಗಳನ್ನು ಮನಸ್ಸಿನಲ್ಲಿ ಬೇರೆಯಾಗಿಯೇ ಇಟ್ಟುಕೊಳ್ಳಿ.

ಬೀಗ ಎಷ್ಟು ಭದ್ರ?

ಬೀಗ ಹಾಕಿದ ಬರಹವೂ ತಾಣದ ಸರ್ವರಿನಲ್ಲಿ ಉಳಿದ ಬರಹಗಳ ಜೊತೆಗೇ ಇರುತ್ತದೆ. ಅದರ ಮೇಲೊಂದು ಗುರುತು ಮಾತ್ರ ಇರುತ್ತದೆ. ಯಾರಾದರೂ ಆ ಪುಟ ಕೇಳಿದಾಗ ಸರ್ವರು ಕೇಳಿದವರ ಖಾತೆ ಯಾವುದು, ಅದು ನಿಮ್ಮ ಪಟ್ಟಿಯಲ್ಲಿದೆಯೆ ಎಂದು ನೋಡುತ್ತದೆ. ಇದ್ದರೆ ಪುಟ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಅಂದರೆ ಇದು ಬಾಗಿಲಲ್ಲಿ ನಿಂತು ಹೆಸರು ಕೇಳುವ ಕಾವಲುಗಾರನಂತೆ. ಕಾವಲುಗಾರ ಪ್ರಾಮಾಣಿಕನಾದರೂ ಒಳಗೆ ಹೋದವರು ಹೊರಗೆ ಬಂದು ಏನು ಹೇಳುತ್ತಾರೆ ಎಂಬುದು ಅವನ ಕೈಯಲ್ಲಿಲ್ಲ. ಪಟ್ಟಿಯಲ್ಲಿರುವ ಗೆಳೆಯ ಪರದೆಯ ಚಿತ್ರ ತೆಗೆದು ಮತ್ತೊಬ್ಬರಿಗೆ ಕಳುಹಿಸಿದರೆ ಯಾವ ಬೀಗವೂ ತಡೆಯಲಾರದು.

ಎಲ್ಲರಿಗೂ ತೆರೆದಿಟ್ಟ ಬರಹದ ಕಥೆ ಇನ್ನೂ ಬೇರೆ. ಶೋಧ ತಾಣಗಳ ತಂತ್ರಾಂಶಗಳು ಬಂದು ಅದನ್ನು ಓದಿ ತಮ್ಮ ಸೂಚಿಗೆ ಸೇರಿಸಿಕೊಳ್ಳುತ್ತವೆ. ಹಳೆಯ ಪುಟಗಳನ್ನು ಕಾದಿಡುವ ಸಂಸ್ಥೆಗಳು ಪ್ರತಿ ತೆಗೆದುಕೊಂಡಿರಬಹುದು. ಇಂದು ತೆರೆದಿಟ್ಟು ನಾಳೆ ಅಳಿಸಿದರೆ ನಿಮ್ಮ ಪುಟ ಅಳಿಯುತ್ತದೆ, ಆದರೆ ಅದರ ಪ್ರತಿಗಳು ಅಳಿಯುತ್ತವೆ ಎಂಬ ಭರವಸೆಯಿಲ್ಲ. ಆದ್ದರಿಂದ ಸಂದೇಹವಿದ್ದಾಗ ಮೊದಲು ಬೀಗ ಹಾಕಿ. ಬೀಗ ಹಾಕಿದ್ದನ್ನು ಮುಂದೆ ಯಾವಾಗ ಬೇಕಾದರೂ ತೆರೆಯಬಹುದು. ತೆರೆದದ್ದನ್ನು ಪೂರ್ತಿಯಾಗಿ ಮುಚ್ಚಲಾಗದು.

ಸಣ್ಣ ಊರಿನ ಲೆಕ್ಕ

ನನ್ನ ನಿಜವಾದ ಹೆಸರು ಹಾಕದಿದ್ದರೆ ಸಾಕಲ್ಲವೆ ಎಂದು ನೀವು ಕೇಳಬಹುದು. ಬೆಂಗಳೂರಿನಂಥ ನಗರದಲ್ಲಿ ಅದು ಸ್ವಲ್ಪ ಮಟ್ಟಿಗೆ ಸಾಕಾಗಬಹುದು. ಬಾಗೂರಿನಂಥ ಊರಿನಲ್ಲಿ ಸಾಕಾಗುವುದಿಲ್ಲ. ‘ನಮ್ಮ ಮನೆ ಹಾಲಿನ ಡೈರಿಯ ಪಕ್ಕ, ಅಪ್ಪನಿಗೆ ಎರಡೆಕರೆ ತೆಂಗಿನ ತೋಟ, ಹೋದ ತಿಂಗಳು ಅಕ್ಕನ ನಿಶ್ಚಿತಾರ್ಥ ಮುರಿದುಹೋಯಿತು’ ಎಂದು ಯಾವುದೋ ಕಾಲ್ಪನಿಕ ಹೆಸರಿನಲ್ಲಿ ಬರೆದಿರಿ ಎನ್ನಿ. ದೂರದ ಓದುಗನಿಗೆ ಇದು ಯಾರ ಮನೆಯೋ. ಊರಿನವರಿಗೆ ಮೂರನೆಯ ಮಾತು ಮುಗಿಯುವ ಮೊದಲೇ ಮನೆ ಗೊತ್ತಾಗಿರುತ್ತದೆ. ಒಂದೊಂದೇ ವಿವರ ನೂರಾರು ಜನಕ್ಕೆ ಹೊಂದಬಹುದು. ಮೂರು ವಿವರ ಸೇರಿದಾಗ ಒಬ್ಬರಿಗೇ ಹೊಂದುತ್ತವೆ. ಗಣಿತದಲ್ಲಿ ಗಣಗಳ ಛೇದನ ಎಂದು ಓದಿದ್ದೀರಲ್ಲ, ಇದು ಅದೇ.

ಇನ್ನೂ ಒಂದು ಮಾತಿದೆ. ಆ ಮೂರನೆಯ ವಿವರ ನಿಮ್ಮದಲ್ಲ, ನಿಮ್ಮ ಅಕ್ಕನದು. ನಿಮ್ಮ ದುಃಖವನ್ನು ಬರೆಯುವ ಹಕ್ಕು ನಿಮಗಿದೆ. ಆದರೆ ಅಕ್ಕನ ಬದುಕಿನ ಘಟನೆಯನ್ನು ಎಲ್ಲರಿಗೂ ತೆರೆದಿಡುವ ಮೊದಲು ಆಕೆಯನ್ನು ಕೇಳಬೇಕು. ಕೇಳಲು ಸಂಕೋಚವಾದರೆ ಆ ಬರಹ ಟ್ರಂಕಿನ ತಳಕ್ಕೆ ಸೇರಿದ್ದು ಎಂದೇ ತಿಳಿಯಿರಿ.

ಆರಂಭಿಸುವ ಕ್ರಮ

ಮೊದಲು ಮನೆಯಲ್ಲಿ ಹೇಳಿ. ಇಂಥ ತಾಣಗಳು ಸಾಮಾನ್ಯವಾಗಿ ಸದಸ್ಯರಿಗೆ 13 ವರ್ಷವಾದರೂ ತುಂಬಿರಬೇಕು ಎನ್ನುತ್ತವೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆತಾಯಿ ಅಥವಾ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ.

ಖಾತೆಗೆ ಇಮೇಲ್ ವಿಳಾಸ ಬೇಕು. ಖಾತೆಯ ಹೆಸರಿನಲ್ಲಿ ಹುಟ್ಟಿದ ವರ್ಷ, ಮೊಬೈಲ್ ಸಂಖ್ಯೆ, ಕಾಲೇಜಿನ ಹೆಸರು ಬೇಡ. ಪಾಸ್‌ವರ್ಡ್ ಉದ್ದವಾಗಿರಲಿ, ಬೇರೆ ಕಡೆ ಬಳಸಿದ್ದು ಬೇಡ. ಖಾತೆ ತೆರೆದ ಕೂಡಲೆ ಸೆಟ್ಟಿಂಗ್ಸ್‌ಗೆ ಹೋಗಿ, ಹೊಸ ಬರಹ ಯಾರಿಗೆ ಕಾಣಬೇಕು ಎಂಬ ಜಾಗದಲ್ಲಿ ‘ನನಗೆ ಮಾತ್ರ’ ಎಂದಿಡಿ. ಮೊದಲ ಹತ್ತು ಬರಹಗಳನ್ನು ಹಾಗೆಯೇ ಬರೆಯಿರಿ. ಆಮೇಲೆ ಒಂದು ಭಾನುವಾರ ಕೂತು ಎಲ್ಲವನ್ನೂ ಓದಿ, ಯಾವುದು ಗೋಡೆ ಪತ್ರಿಕೆಗೆ, ಯಾವುದು ಕಾಗದಕ್ಕೆ ಎಂದು ವಿಂಗಡಿಸಿ. ಪ್ರತಿಕ್ರಿಯೆ ಬರೆಯುವ ಅವಕಾಶವನ್ನು ಮೊದಮೊದಲು ಪಟ್ಟಿಯಲ್ಲಿರುವವರಿಗೆ ಮಾತ್ರ ಕೊಡಿ. ಯಾರಾದರೂ ಕೆಟ್ಟದಾಗಿ ಬರೆದರೆ ವಾದಕ್ಕೆ ಇಳಿಯದೆ ಅವರನ್ನು ತಡೆಹಿಡಿಯಿರಿ, ಮನೆಯ ಹಿರಿಯರಿಗೆ ತಿಳಿಸಿ.

ಖಾತೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕಾಗುತ್ತದೆ, ಆದರೆ ಬರಹಕ್ಕೆ ಆ ನಿರ್ಬಂಧವಿಲ್ಲ. ಒಂದು ಕಾಲದಲ್ಲಿ ಕನ್ನಡ ಪುಟ ಕಾಣಬೇಕಾದರೆ ಬರೆದವರ ಫಾಂಟೇ ಓದುವವರ ಗಣಕದಲ್ಲೂ ಇರಬೇಕಿತ್ತು, ಇಲ್ಲದಿದ್ದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತಿದ್ದವು. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬಂದಮೇಲೆ ಆ ತೊಂದರೆ ನೀಗಿತು. ಕನ್ನಡದ ಕೀಲಿಮಣೆಗೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆನಂತರದ ‘ನುಡಿ’ ಇವೆಲ್ಲ ದಾರಿ ಸುಗಮ ಮಾಡಿದವು. ಈಗ ಮೊಬೈಲಿನಲ್ಲೂ ಕನ್ನಡ ಕೀಲಿಮಣೆ ಇದೆ.

ಏನು ಬರೆಯಬೇಕು?

ಬಾಗೂರಿರುವ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಅಲ್ಲಿಯ ಶಾಸನಗಳು ಐನೂರಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ದೊಡ್ಡ ರಾಜರ ಶಾಸನಗಳಲ್ಲ; ಚಿಕ್ಕಬೆಟ್ಟಕ್ಕೆ ಬಂದ ಯಾತ್ರಿಕರು ಬಂಡೆಯ ಮೇಲೆ ಕೊರೆಸಿ ಹೋದ ತಮ್ಮ ಹೆಸರುಗಳು. ಹೆಸರಿದೆ, ದಿನಾಂಕವಿಲ್ಲ. ಬಂದವರು ಯಾವ ಊರಿನವರು, ದಾರಿಯಲ್ಲಿ ಏನು ಕಂಡರು ಎಂಬುದಿಲ್ಲ. ವಿದ್ವಾಂಸರು ಅಕ್ಷರದ ಆಕಾರವನ್ನು ನೋಡಿ ಯಾವ ಶತಮಾನ ಎಂದು ಊಹಿಸಬೇಕಾಗಿದೆ. ನೀವು ಬರೆಯುವಾಗ ದಿನ, ಸ್ಥಳ, ಕಂಡ ಸಂಗತಿ ಈ ಮೂರನ್ನೂ ಬರೆಯಿರಿ. ನಾಲೆಗೆ ನೀರು ಯಾವ ದಿನ ಬಂತು, ರಾಗಿಯ ಕಟಾವು ಯಾವಾಗ, ತೆಂಗಿನಕಾಯಿಗೆ ಆ ವಾರ ಯಾವ ಬೆಲೆ ಸಿಕ್ಕಿತು? ಇಂದು ಸಾಮಾನ್ಯವೆನಿಸುವ ಇಂಥ ಸಾಲು ಇಪ್ಪತ್ತು ವರ್ಷದ ನಂತರ ನಿಮ್ಮ ಊರಿನ ಚರಿತ್ರೆ ಬರೆಯುವವರಿಗೆ ಬೇಕಾಗುತ್ತದೆ. ಇಂಥವನ್ನು ಎಲ್ಲರಿಗೂ ತೆರೆದಿಡಲು ಹಿಂಜರಿಯಬೇಕಿಲ್ಲ.

ಇದೇ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ 1996ರಲ್ಲಿ ಪ್ರಕಟವಾಯಿತು. ಆತ್ಮಕಥೆ ಬರೆಯುವವರಿಗೆ ಬಾಲ್ಯದ ಕಷ್ಟಗಳು ಎಲ್ಲಿ ಹೋಗಿ ಮುಟ್ಟಿದವು ಎಂಬುದು ತಿಳಿದಿರುತ್ತದೆ. ದಿನಚರಿ ಬರೆಯುವವರಿಗೆ ನಾಳೆ ಏನಾಗುವುದೆಂದು ಗೊತ್ತಿರುವುದಿಲ್ಲ. ಫಲಿತಾಂಶ ಬರುವ ಹಿಂದಿನ ರಾತ್ರಿ ನಿಮಗಿದ್ದ ಭಯವನ್ನು ಅಂದೇ ಬರೆದರೆ ಮಾತ್ರ ಅದು ಉಳಿಯುತ್ತದೆ. ಫಲಿತಾಂಶ ಬಂದಮೇಲೆ ಎಲ್ಲರೂ ಮೊದಲೇ ಗೊತ್ತಿತ್ತು ಎನ್ನುತ್ತಾರೆ.

ಪ್ರತಿ ನಿಮ್ಮಲ್ಲಿರಲಿ

ಕೊನೆಯದಾಗಿ ಒಂದು ಎಚ್ಚರಿಕೆ. ತಾಣಗಳು ಮಾಲೀಕರನ್ನು ಬದಲಾಯಿಸುತ್ತವೆ, ನಿಯಮ ಬದಲಾಯಿಸುತ್ತವೆ, ಮುಚ್ಚಿಯೂ ಹೋಗುತ್ತವೆ. ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತುಹೋಯಿತು. 2017ರಲ್ಲಿ ಲೈವ್‌ಜರ್ನಲ್ ರಷ್ಯಾದ ಕಾನೂನಿಗೆ ಒಳಪಟ್ಟ ಹೊಸ ನಿಯಮಗಳನ್ನು ತಂದಾಗ ಅನೇಕ ಸದಸ್ಯರು ತಮ್ಮ ಹಳೆಯ ದಿನಚರಿಯನ್ನೇ ಡ್ರೀಮ್‌ವಿಡ್ತ್‌ಗೆ ಸಾಗಿಸಿದರು. ಒಂದು ತಾಣದ ಬರಹವನ್ನು ಇನ್ನೊಂದಕ್ಕೆ ತರುವ ವ್ಯವಸ್ಥೆ ಇದ್ದದ್ದರಿಂದ ಅದು ಸಾಧ್ಯವಾಯಿತು. ಎಲ್ಲ ತಾಣಗಳಲ್ಲೂ ಅದಿರುವುದಿಲ್ಲ. ತಿಂಗಳಿಗೊಮ್ಮೆ ನಿಮ್ಮ ಬರಹಗಳ ಪ್ರತಿಯನ್ನು ಪೆನ್ ಡ್ರೈವ್‌ಗೆ ಇಳಿಸಿಕೊಳ್ಳಿ. ಮುಖ್ಯವಾದವನ್ನು ಕಾಗದದ ಮೇಲೂ ಮುದ್ರಿಸಿಡಿ.

ಗಣಕವಾಗಲಿ ಮೊಬೈಲಾಗಲಿ ಕೈಗೆ ಸಿಗದವರು ಬೇಸರಪಡಬೇಕಿಲ್ಲ. ನೂರು ಪುಟದ ನೋಟ್ ಪುಸ್ತಕವೊಂದನ್ನು ತೆಗೆದುಕೊಳ್ಳಿ. ಇಂದಿನಿಂದ ಒಂದು ವಾರ ದಿನಕ್ಕೆ ಹತ್ತು ಸಾಲು ಬರೆಯಿರಿ. ಪ್ರತಿ ಬರಹದ ಅಂಚಿನಲ್ಲಿ ‘ಎಲ್ಲರಿಗೆ’, ‘ಇಂಥವರಿಗೆ’, ‘ನನಗೆ’ ಎಂಬ ಮೂರು ಮಾತುಗಳಲ್ಲಿ ಒಂದನ್ನು ಗುರುತು ಹಾಕಿ. ಏಳನೆಯ ದಿನ ಎಣಿಸಿ ನೋಡಿ, ಯಾವುದು ಎಷ್ಟಿದೆ ಎಂದು. ಮುಂದೆ ಯಾವ ತಾಣದಲ್ಲಿ ಖಾತೆ ತೆರೆದರೂ ಆ ಲೆಕ್ಕ ನಿಮಗೆ ಉಪಯೋಗಕ್ಕೆ ಬರುತ್ತದೆ.